ಮೈಗೆ ಒಗ್ಗುವ ಹವೆಯ ಊರು ಹುಡುಕುವುದು ಹೇಗೆ?

ಜನವರಿಯಲ್ಲಿ ಮಲೆನಾಡಿಗೆ ಹೋದವರಿಗೆಲ್ಲ ಅಲ್ಲೇ ಒಂದು ಮನೆ ಮಾಡಿಬಿಡೋಣ ಅನ್ನಿಸುತ್ತದೆ. ನಮಗೂ ಅನ್ನಿಸಿತ್ತು. ಕಾಫಿ ಕೊಯ್ಲಿನ ಕಾಲ, ಬೆಳಗ್ಗೆ ಇಬ್ಬನಿ, ಹತ್ತು ಗಂಟೆಗೆ ಹಿತವಾದ ಎಳೆಬಿಸಿಲು. ಅಂಥ ಒಂದು ವಾರ ನೋಡಿಕೊಂಡು ಬಂದು ಘಟ್ಟದ ಅಂಚಿನ ಊರೊಂದರಲ್ಲಿ ಬಾಡಿಗೆ ಮನೆ ಹಿಡಿದೆವು. ಜುಲೈ ಬರುವಷ್ಟರಲ್ಲಿ ಕಪಾಟಿನೊಳಗಿನ ಚಪ್ಪಲಿ, ಬೆಲ್ಟು, ಮದುವೆಯ ಆಲ್ಬಂ ಎಲ್ಲಕ್ಕೂ ಬೂಷ್ಟು ಹಿಡಿದಿತ್ತು. ಒಗೆದ ಬಟ್ಟೆ ನಾಲ್ಕು ದಿನವಾದರೂ ಒಣಗದೆ ಮುಗ್ಗಲು ವಾಸನೆ. ಅಮ್ಮನಿಗೆ ಹಳೇ ಉಬ್ಬಸ ಮರುಕಳಿಸಿತು. ದೀಪಾವಳಿಗೆ ಮುಂಚೆಯೇ ಗಂಟುಮೂಟೆ ಕಟ್ಟಿದೆವು.

ಊರಿನದೇನೂ ತಪ್ಪಿರಲಿಲ್ಲ. ನಾವು ನೋಡಿದ್ದು ಅದರ ಅತಿ ಚೆಂದದ ವಾರ. ಬಾಳಬೇಕಾಗಿ ಬಂದದ್ದು ಕಷ್ಟದ ನಾಲ್ಕು ತಿಂಗಳು. ಎರಡನೇ ಸಲ ಹುಡುಕುವಾಗ ಲೆಕ್ಕವನ್ನೇ ತಿರುಗಿಸಿದೆವು: ಈ ಊರಿನ ಕೆಟ್ಟ ಕಾಲವನ್ನು ನಮ್ಮ ಮನೆಯವರು ತಡೆದುಕೊಳ್ಳಬಲ್ಲರಾ? ಈ ಒಂದು ಪ್ರಶ್ನೆ ಹಿಡಿದುಕೊಂಡು ಊರು ಹುಡುಕುವ ಕ್ರಮವನ್ನು ಕೆಳಗೆ ಬರೆದಿದ್ದೇನೆ. ಉದಾಹರಣೆಗಳು ಬಹುಪಾಲು ಕರ್ನಾಟಕದವೇ, ಯಾಕೆಂದರೆ ನಾವು ಅಲೆದದ್ದು ಇಲ್ಲೇ. ಇಷ್ಟಕ್ಕೂ ಕರಾವಳಿ, ಮಲೆನಾಡು, ಬಯಲುಸೀಮೆ ಮೂರನ್ನೂ ಒಂದೇ ದಿನದ ಬಸ್ ಪ್ರಯಾಣದಲ್ಲಿ ದಾಟಬಹುದಾದ ನಾಡು ಇದು.

1. ಮೊದಲು ಮನೆಮಂದಿಯ ಪಟ್ಟಿ ಮಾಡಿ

ನಕ್ಷೆ ಆಮೇಲೆ. ಮೊದಲು ಒಂದು ಹಾಳೆ ತೆಗೆದುಕೊಂಡು ಮನೆಯ ಪ್ರತಿಯೊಬ್ಬರ ಹೆಸರು ಬರೆಯಿರಿ. ಪಕ್ಕದಲ್ಲಿ ಅವರು ಈವರೆಗೆ ವಾಸ ಮಾಡಿದ ಊರುಗಳು, ಅಲ್ಲಿ ಯಾವ ತಿಂಗಳಲ್ಲಿ ಹುಷಾರು ತಪ್ಪುತ್ತಿತ್ತು, ಯಾವಾಗ ನಿದ್ದೆ ಬರುತ್ತಿರಲಿಲ್ಲ ಅಂತ ಬರೆಯಿರಿ. "ನನಗೆ ಬಿಸಿಲು ಆಗಲ್ಲ" ಅನ್ನುವವರನ್ನು ಸ್ವಲ್ಪ ಕೆದಕಿ ಕೇಳಿ. ಕೆಲವರಿಗೆ ಆಗದಿರುವುದು ಒಣ ಬೇಗೆ. ಕೆಲವರಿಗೆ ಸೆಕೆ. ಇವೆರಡೂ ಬೇರೆ ಬೇರೆ, ಬೇರೆ ಬೇರೆ ಊರಲ್ಲಿ ಸಿಗುತ್ತವೆ.

ಮನೆಯಲ್ಲಿ ಉಬ್ಬಸ ಅಥವಾ ಅಲರ್ಜಿ ಇರುವವರಿದ್ದರೆ ಅವರ ಮಾತಿಗೆ ಹೆಚ್ಚು ತೂಕ ಕೊಡಿ. ತೇವ ಜಾಸ್ತಿ ಇರುವಲ್ಲಿ ಬೂಷ್ಟು ಮತ್ತು ಹಾಸಿಗೆಯ ಧೂಳಿನ ಸಣ್ಣ ಹುಳುಗಳ ಕಾಟ. ಬಯಲಿನ ಊರುಗಳಲ್ಲಿ ಕಾಂಗ್ರೆಸ್ ಗಿಡದ ಪರಾಗದ ಕಾಟ. ಯಾವುದು ತಮಗೆ ಕೆಡುಕು ಅಂತ ಡಾಕ್ಟರ ಹತ್ತಿರ ಒಮ್ಮೆ ಪರೀಕ್ಷೆ ಮಾಡಿಸಿಕೊಂಡರೆ ಅರ್ಧ ನಕ್ಷೆ ಅಲ್ಲೇ ಅಳಿಸಿಹೋಗುತ್ತದೆ.

2. ಸರಾಸರಿಯನ್ನು ನಂಬಬೇಡಿ, ನಾಲ್ಕು ಅಂಕಿ ಹುಡುಕಿ

"ವರ್ಷದ ಸರಾಸರಿ 27 ಡಿಗ್ರಿ" ಅಂದರೆ ಏನೂ ಹೇಳಿದಂತಲ್ಲ. ಕರಾವಳಿಯಲ್ಲಿ ವರ್ಷಪೂರ್ತಿ ಹೆಚ್ಚುಕಮ್ಮಿ ಅಷ್ಟೇ ಇರುತ್ತದೆ. ಅದೇ ಸರಾಸರಿಯ ಉತ್ತರ ಕರ್ನಾಟಕದ ಊರಲ್ಲಿ ಮೇ ತಿಂಗಳ ಮಧ್ಯಾಹ್ನ 40 ದಾಟಿ, ಜನವರಿಯ ಬೆಳಗಿನ ಜಾವ ಕಂಬಳಿ ಹುಡುಕುವಂತಾಗುತ್ತದೆ. ಬೀದರ್, ವಿಜಯಪುರಗಳಲ್ಲಿ ಚಳಿಗಾಲದ ಕೆಲವು ರಾತ್ರಿ 10 ಡಿಗ್ರಿಗಿಂತ ಕೆಳಗೆ ಹೋಗುವುದುಂಟು.

ನಾವು ಪ್ರತಿ ಊರಿಗೂ ಹುಡುಕಿದ್ದು ನಾಲ್ಕೇ ಅಂಕಿ.

ಮೊದಲನೆಯದು, ಅತಿ ಸೆಕೆಯ ತಿಂಗಳಲ್ಲಿ *ರಾತ್ರಿಯ* ಕನಿಷ್ಠ ಉಷ್ಣಾಂಶ. ಹಗಲನ್ನು ಹೇಗೋ ಕಳೆಯಬಹುದು, ಆಫೀಸು ಅಂತಲೋ ನೆರಳು ಅಂತಲೋ. ರಾತ್ರಿ ಮೈ ತಣಿಯದಿದ್ದರೆ ಮಾರನೇ ದಿನ ಹಾಳು. ಬೆಂಗಳೂರಿನಲ್ಲಿ ಏಪ್ರಿಲ್ ಮಧ್ಯಾಹ್ನ 34ರ ಆಸುಪಾಸು ಇದ್ದರೂ ರಾತ್ರಿ 22ರ ಸುಮಾರಿಗೆ ಇಳಿಯುತ್ತದೆ. ಮಂಗಳೂರಿನಲ್ಲಿ ಹಗಲೂ ಅಷ್ಟೇ, ಆದರೆ ಮೇ ತಿಂಗಳ ರಾತ್ರಿ ಸಾಮಾನ್ಯವಾಗಿ 25ರ ಆಸುಪಾಸಿನಲ್ಲೇ ನಿಂತುಬಿಡುತ್ತದೆ. ಹಗಲಿನ ಅಂಕಿ ಮಾತ್ರ ನೋಡಿದವರಿಗೆ ಎರಡೂ ಊರು ಒಂದೇ ಥರ ಕಾಣುತ್ತದೆ.

ಎರಡನೆಯದು ತೇವಾಂಶ. ಇದರ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. ಮೈ ತಂಪಾಗುವುದು ಬೆವರು ಆರಿದಾಗ. ಗಾಳಿಯಲ್ಲೇ ನೀರು ತುಂಬಿದ್ದರೆ ಬೆವರು ಆರುವುದಿಲ್ಲ, ಸುಮ್ನೆ ಹರಿಯುತ್ತದೆ. ಥರ್ಮಾಮೀಟರಿನ ಬುಡಕ್ಕೆ ಒದ್ದೆ ಬಟ್ಟೆ ಸುತ್ತಿ ಗಾಳಿ ಹಾಕಿದರೆ ಎಷ್ಟು ತೋರಿಸುತ್ತದೋ ಅದಕ್ಕೆ ಒದ್ದೆಬಟ್ಟೆ ತಾಪ ಅನ್ನೋಣ. 40 ಡಿಗ್ರಿ ಬಿಸಿ, 20% ತೇವಾಂಶ ಇರುವ ರಾಯಚೂರಿನಂಥ ಕಡೆ ಅದು 23ರ ಹತ್ತಿರ ಬರುತ್ತದೆ. 33 ಡಿಗ್ರಿ, 70% ತೇವಾಂಶದ ಕರಾವಳಿ ಮಧ್ಯಾಹ್ನದಲ್ಲಿ 28 ದಾಟುತ್ತದೆ. ಏಳು ಡಿಗ್ರಿ ಕಮ್ಮಿ ಬಿಸಿಯಿದ್ದರೂ ಕರಾವಳಿಯಲ್ಲಿ ಮೈ ತಣಿಯುವುದೇ ಕಷ್ಟ. ನೀರು ತುಂಬುವ ಕೂಲರ್ ರಾಯಚೂರು, ಬಳ್ಳಾರಿಗಳಲ್ಲಿ ಕೋಣೆಯನ್ನು ತಣ್ಣಗೆ ಮಾಡುವುದೂ, ಉಡುಪಿಯಲ್ಲಿ ಅದೇ ಕೂಲರ್ ಇನ್ನಷ್ಟು ಅಂಟಂಟು ಮಾಡುವುದೂ ಇದೇ ಕಾರಣಕ್ಕೆ. ಹಾಗಂತ ಒಣ ಬೇಗೆ ಹಗುರವಲ್ಲ. ಬಿಸಿಲಿಗೆ ನೇರ ಬಿದ್ದರೆ, ನೀರು ಕುಡಿಯದಿದ್ದರೆ ಅದೂ ಜೀವ ತೆಗೆಯುತ್ತದೆ.

ಮೂರನೆಯದು ಮಳೆ ದಿನಗಳ ಲೆಕ್ಕ. ಒಟ್ಟು ಮಳೆಗಿಂತ ಇದು ಮುಖ್ಯ. ಹವಾಮಾನ ಇಲಾಖೆಯ ಲೆಕ್ಕದಲ್ಲಿ 2.5 ಮಿ.ಮೀ. ಅಥವಾ ಅದಕ್ಕಿಂತ ಜಾಸ್ತಿ ಬಿದ್ದರೆ ಅದು ಮಳೆ ದಿನ. ಬೆಂಗಳೂರಿನಲ್ಲಿ ಅಂಥವು ವರ್ಷಕ್ಕೆ ಸುಮಾರು 60. ಮಂಗಳೂರಿನಲ್ಲಿ ಅದರ ಎರಡರಷ್ಟು. ಬೆಂಗಳೂರಿಗೆ ವರ್ಷವಿಡೀ ಬೀಳುವಷ್ಟು ಮಳೆ ಮಂಗಳೂರಿಗೆ ಜುಲೈ ಒಂದರಲ್ಲೇ ಸುರಿಯುತ್ತದೆ. ಅದಕ್ಕಿಂತ ದೊಡ್ಡ ವ್ಯತ್ಯಾಸ ಸ್ವಭಾವದಲ್ಲಿದೆ. ಬೆಂಗಳೂರಿನ ಮಳೆ ಹೆಚ್ಚಾಗಿ ಸಂಜೆ ಗುಡುಗಿ ಬಂದು ಹೋಗುತ್ತದೆ, ಮಾರನೇ ಬೆಳಗ್ಗೆ ಬಿಸಿಲು. ಮಲೆನಾಡಿನದು ಜಡಿಮಳೆ. ಪುನರ್ವಸು, ಪುಷ್ಯ ನಕ್ಷತ್ರದ ಮಳೆ ಹಿಡಿದರೆ ವಾರಗಟ್ಟಲೆ ಸೂರ್ಯನ ಮುಖ ಕಾಣುವುದಿಲ್ಲ. ಹುಟ್ಟಿ ಬೆಳೆದವರಿಗೆ ಅದೊಂದು ಸುಖ. ಬಿಸಿಲಿಗೆ ಒಗ್ಗಿದವರಿಗೆ ಮೂರನೇ ವಾರಕ್ಕೆ ಮನಸ್ಸೇ ಮಂಕಾಗುತ್ತದೆ. ನನಗಾಯಿತು.

ನಾಲ್ಕನೆಯದು ಅತಿ ಚಳಿಯ ತಿಂಗಳ ಕನಿಷ್ಠ ಉಷ್ಣಾಂಶ. ನಮ್ಮ ಮನೆಗಳಲ್ಲಿ ಕೋಣೆ ಬೆಚ್ಚಗಿಡುವ ಏರ್ಪಾಡು ಇರುವುದಿಲ್ಲ ಅಲ್ವಾ? ಊಟಿಯಂಥ ಕಡೆ, 2,240 ಮೀಟರ್ ಎತ್ತರದಲ್ಲಿ, ಜನವರಿಯ ಕೆಲವು ಬೆಳಗು ಹುಲ್ಲಿನ ಮೇಲೆ ಮಂಜು ಹೆಪ್ಪುಗಟ್ಟಿರುತ್ತದೆ. ಎರಡು ದಿನಕ್ಕೆ ಮಜಾ. ಮಂಡಿನೋವಿನ ಅಪ್ಪನಿಗೆ ಎರಡು ತಿಂಗಳು ಮಜಾ ಅಲ್ಲ.

3. ನಕ್ಷೆಯಲ್ಲಿ ಎತ್ತರ ಮತ್ತು ಘಟ್ಟ, ಎರಡನ್ನೇ ನೋಡಿ

ಚೆನ್ನೈ, ಬೆಂಗಳೂರು, ಮಂಗಳೂರು ಮೂರೂ ಹೆಚ್ಚುಕಮ್ಮಿ ಒಂದೇ ಅಕ್ಷಾಂಶದಲ್ಲಿವೆ, 13 ಡಿಗ್ರಿ ಉತ್ತರ. ಸೂರ್ಯ ಮೂರಕ್ಕೂ ಒಂದೇ. ಆದರೂ ಮೂರೂ ಬೇರೆ ಬೇರೆ ಲೋಕ. ಎರಡು ಸಂಗತಿ ಇದನ್ನು ಮಾಡುತ್ತವೆ.

ಒಂದು ಎತ್ತರ. ಮೇಲೆ ಹೋದ ಹಾಗೆ ಸಾವಿರ ಮೀಟರಿಗೆ ಸುಮಾರು 6.5 ಡಿಗ್ರಿ ಬಿಸಿ ಇಳಿಯುತ್ತದೆ. ಬೆಂಗಳೂರು 920 ಮೀಟರ್ ಎತ್ತರದಲ್ಲಿದೆ. ಅದರ ತಂಪಿನ ಗುಟ್ಟು ಬಹುಪಾಲು ಅಷ್ಟೇ. ಮೈಸೂರು 770ರ ಆಸುಪಾಸು, ಬೆಳಗಾವಿ, ಧಾರವಾಡ 750ರ ಹತ್ತಿರ, ಮಡಿಕೇರಿ 1,150ರ ಸುಮಾರು. ಕಲಬುರಗಿ, ರಾಯಚೂರು, ಬಳ್ಳಾರಿ 500 ಮೀಟರಿಗಿಂತ ಕೆಳಗೆ. ಬೇಸಿಗೆ ಅಲ್ಲಿ ಯಾಕೆ ಹಾಗೆ ಸುಡುತ್ತದೆ ಅನ್ನುವುದಕ್ಕೆ ಅರ್ಧ ಉತ್ತರ ಇಲ್ಲಿದೆ.

ಇನ್ನೊಂದು ಪಶ್ಚಿಮಘಟ್ಟ. ಅರಬ್ಬೀ ಸಮುದ್ರದಿಂದ ಬರುವ ಮುಂಗಾರು ಗಾಳಿ ಘಟ್ಟ ಹತ್ತುವಾಗ ತಣ್ಣಗಾಗಿ ಮಳೆ ಸುರಿಸುತ್ತದೆ. ಇಳಿದು ಪೂರ್ವಕ್ಕೆ ಹೋಗುವಷ್ಟರಲ್ಲಿ ಜೋಳಿಗೆ ಬರಿದು. ಇದು ಎಷ್ಟು ಬೇಗ ಆಗುತ್ತದೆ ಅಂತ ನೋಡಬೇಕಾದರೆ ಹಾಸನ ಜಿಲ್ಲೆಯೊಂದೇ ಸಾಕು. ಜುಲೈ ತಿಂಗಳ ಒಂದು ಬೆಳಗ್ಗೆ ಸಕಲೇಶಪುರದಿಂದ ಹೊರಡಿ, ಮಳೆ ಧೋ ಅನ್ನುತ್ತಿರುತ್ತದೆ. ಹಾಸನಕ್ಕೆ ಬಂದರೆ ಜಿಟಿಜಿಟಿ, ತಣ್ಣನೆ ಗಾಳಿ. ಅರಸೀಕೆರೆ ಮುಟ್ಟುವಾಗ ರಸ್ತೆಯಲ್ಲಿ ಧೂಳು, ಆಕಾಶದಲ್ಲಿ ಓಡುವ ಮೋಡ. ಅರ್ಧ ದಿನವೂ ಬೇಡದ ಪ್ರಯಾಣ. ಸಕಲೇಶಪುರಕ್ಕೆ ವರ್ಷಕ್ಕೆ 2,000 ಮಿ.ಮೀ. ಆಸುಪಾಸು ಮಳೆಯಾದರೆ ಅರಸೀಕೆರೆಗೆ ಅದರ ಮೂರನೇ ಒಂದು ಪಾಲು. ಇದೇ ಆಟ ತೀರ್ಥಹಳ್ಳಿಯಿಂದ ಶಿವಮೊಗ್ಗಕ್ಕೆ, ಅಳ್ನಾವರದಿಂದ ನವಲಗುಂದಕ್ಕೆ.

ಅಂದರೆ, "ಹಾಸನ ಜಿಲ್ಲೆಯ ಹವೆ ಹೇಗಿದೆ?" ಅನ್ನುವ ಪ್ರಶ್ನೆಗೆ ಅರ್ಥವಿಲ್ಲ. ತಾಲ್ಲೂಕು ಕೇಳಬೇಕು. ಘಟ್ಟದ ಹತ್ತಿರವಾದರೆ ಹೋಬಳಿಯನ್ನೇ ಕೇಳಬೇಕು. ಚಿಕ್ಕಮಗಳೂರು ಪೇಟೆಗೂ ಅಲ್ಲಿಂದ ಪಶ್ಚಿಮಕ್ಕೆ ಸ್ವಲ್ಪ ದೂರದ ತೋಟಕ್ಕೂ ಮಳೆಯಲ್ಲಿ ಅಜಗಜಾಂತರ.

ನನ್ನ ಅಭಿಪ್ರಾಯ ಕೇಳಿದರೆ, ತುಂಬ ಜನಕ್ಕೆ ಒಗ್ಗುವುದು ಮಲೆನಾಡಿನ ಸೆರಗು. ಘಟ್ಟದಿಂದ ಪೂರ್ವಕ್ಕೆ 30–60 ಕಿ.ಮೀ., 700ರಿಂದ 1,100 ಮೀಟರ್ ಎತ್ತರ, ವರ್ಷಕ್ಕೆ 700ರಿಂದ 1,200 ಮಿ.ಮೀ. ಮಳೆ. ಬೆಳಗಾವಿ, ಧಾರವಾಡದಿಂದ ಶುರುವಾಗಿ ಚಿಕ್ಕಮಗಳೂರು, ಬೇಲೂರು, ಹಾಸನ, ಹುಣಸೂರು ಕಡೆಗೆ ಇಳಿಯುವ ಪಟ್ಟಿ ಇದು. ಧಾರವಾಡದ ಜನ ತಮ್ಮ ಊರನ್ನು ಅರೆಮಲೆನಾಡು ಅನ್ನುವುದು ಸುಮ್ನೆ ಅಲ್ಲ. ಈ ಪಟ್ಟಿಯಲ್ಲಿ ಸಮುದ್ರದ ಕಡೆಯಿಂದ ಗಾಳಿ ಬರುತ್ತದೆ, ಮಳೆ ಕಾಡುವಷ್ಟು ಇಲ್ಲ, ರಾತ್ರಿ ತಣಿಯುತ್ತದೆ. ಬೇಸಿಗೆಯಲ್ಲಿ ಮಾರ್ಚ್ ಕೊನೆಯಿಂದ ಮೇವರೆಗೆ ಸೆಖೆ ಅಂತ ಬೈದುಕೊಳ್ಳುವುದಂತೂ ಇಲ್ಲೂ ತಪ್ಪುವುದಿಲ್ಲ.

4. ಅಂಕಿ ಎಲ್ಲಿ ಸಿಗುತ್ತದೆ

ಭಾರತ ಹವಾಮಾನ ಇಲಾಖೆ 30 ವರ್ಷದ ಸರಾಸರಿಗಳನ್ನು ಊರುವಾರು, ತಿಂಗಳುವಾರು ಕೊಡುತ್ತದೆ. ಈಗಿನದು 1991ರಿಂದ 2020ರ ಲೆಕ್ಕ. ಹಳೆಯ 1961–90ರ ಪಟ್ಟಿ ಸಿಕ್ಕಿದರೆ ಅದನ್ನೂ ಪಕ್ಕದಲ್ಲಿಟ್ಟುಕೊಳ್ಳಿ. "ನಾವು ಚಿಕ್ಕವರಿದ್ದಾಗ ಬೆಂಗಳೂರಲ್ಲಿ ಫ್ಯಾನೇ ಇರಲಿಲ್ಲ" ಅನ್ನುವ ಮಾತಿನಲ್ಲಿ ಎಷ್ಟು ನೆನಪು, ಎಷ್ಟು ನಿಜ ಅಂತ ಆಗ ಗೊತ್ತಾಗುತ್ತದೆ.

ಮಳೆಗಾದರೆ ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ನಮ್ಮ ಅದೃಷ್ಟ. ಗ್ರಾಮ ಪಂಚಾಯಿತಿ ಮಟ್ಟದಲ್ಲಿ ತಾನೇ ಲೆಕ್ಕ ಕಳಿಸುವ ಮಳೆಮಾಪಕಗಳನ್ನು ಇಟ್ಟಿದೆ. ತೋಟದವರ ಮನೆಗೆ ಹೋದರೆ ಇನ್ನೂ ಒಳ್ಳೆಯದು. ಕಾಫಿ ಎಸ್ಟೇಟುಗಳಲ್ಲಿ ಅಜ್ಜನ ಕಾಲದಿಂದ ದಿನದಿನದ ಮಳೆಯನ್ನು ಇಂಚಿನಲ್ಲಿ ಬರೆದಿಟ್ಟ ಪುಸ್ತಕ ಇರುತ್ತದೆ. ಕೇಳಿದರೆ ಖುಷಿಯಿಂದ ತೋರಿಸುತ್ತಾರೆ, ಕಾಫಿಯನ್ನೂ ಕೊಡುತ್ತಾರೆ.

ಮೊಬೈಲ್ ಆ್ಯಪ್ ಬಗ್ಗೆ ಒಂದು ಮಾತು. ನಿಮ್ಮ ಹಳ್ಳಿಯ ಹೆಸರು ಹಾಕಿದರೆ 24 ಡಿಗ್ರಿ ಅಂತ ತೋರಿಸುತ್ತದೆ, ಆದರೆ ಆ ಹಳ್ಳಿಯಲ್ಲಿ ಯಾರೂ ಅಳೆದಿರುವುದಿಲ್ಲ. ಸುತ್ತಲಿನ ಹತ್ತಾರು ಕಿ.ಮೀ. ಚೌಕಕ್ಕೆ ಕಂಪ್ಯೂಟರ್ ಹಾಕಿದ ಅಂದಾಜು ಅದು. ಬಯಲಿನಲ್ಲಿ ಪರವಾಗಿಲ್ಲ. ಘಟ್ಟದ ಅಂಚಿನಲ್ಲಿ ಆ ಚೌಕದೊಳಗೇ ಗುಡ್ಡ, ಕಣಿವೆ ಎರಡೂ ಇರುತ್ತವೆ.

ಒಂದು ವರ್ಷದ ಅನುಭವಕ್ಕೂ ಮರುಳಾಗಬೇಡಿ. 2023ರಲ್ಲಿ ಮುಂಗಾರು ಕೈಕೊಟ್ಟು ರಾಜ್ಯದ ಬಹುಪಾಲು ತಾಲ್ಲೂಕುಗಳನ್ನು ಬರಪೀಡಿತ ಅಂತ ಸಾರಿದರು. ಮರುವರ್ಷದ ಬೇಸಿಗೆಯಲ್ಲಿ ಬೆಂಗಳೂರಿನ ಎಷ್ಟೋ ಬೋರ್‌ವೆಲ್ ಬತ್ತಿದವು. 2025ರಲ್ಲಿ ಮುಂಗಾರು ಮೇ 24ಕ್ಕೇ ಕೇರಳ ಮುಟ್ಟಿತು, ಮೇ ತಿಂಗಳೇ ಮಳೆಗಾಲದಂತಿತ್ತು. 2024ರ ಮೇನಲ್ಲಿ ಊರು ನೋಡಿದವರು "ಛೆ, ಬೆಂಕಿ" ಅಂದಿರುತ್ತಾರೆ. 2025ರ ಮೇನಲ್ಲಿ ನೋಡಿದವರು "ಆಹಾ, ಸ್ವರ್ಗ" ಅಂದಿರುತ್ತಾರೆ. ಊರು ಒಂದೇ.

5. ಕೆಟ್ಟ ಕಾಲದಲ್ಲಿ ಹೋಗಿ ಉಳಿಯಿರಿ

ಪಟ್ಟಿಯಲ್ಲಿ ಮೂರು ಊರು ಉಳಿದ ಮೇಲೆ ಹೊರಡಿ. ಮಲೆನಾಡಿನ ಊರಾದರೆ ಜುಲೈನಲ್ಲಿ, ಕರಾವಳಿಯಾದರೆ ಮೇ ಎರಡನೇ ವಾರ, ಬಯಲುಸೀಮೆಯಾದರೆ ಏಪ್ರಿಲ್ ಕೊನೆ. ಬಯಲಿನ ಊರಿಗೆ ಆಷಾಢದಲ್ಲೂ ಒಮ್ಮೆ ಹೋಗಿಬನ್ನಿ. ಮಳೆ ಇಲ್ಲದೆ ಬರೀ ಗಾಳಿ ಬೀಸುವ ಆ ತಿಂಗಳು ಕೆಲವರಿಗೆ ತಲೆನೋವು ತರುತ್ತದೆ. ಚಿತ್ರದುರ್ಗ, ಗದಗಿನ ಗುಡ್ಡಗಳ ಮೇಲೆ ಗಾಳಿಯಂತ್ರ ನೆಟ್ಟಿರುವುದು ಗಾಳಿ ಇರುವುದಕ್ಕೇ ತಾನೆ.

ಕಮ್ಮಿಯೆಂದರೆ ಐದು ರಾತ್ರಿ ಇರಿ. ಹೋಟೆಲಿನ ಏಸಿ ಕೋಣೆ ಬೇಡ, ಯಾರಾದರೂ ಪರಿಚಯದವರ ಮನೆಯೋ ಸಾದಾ ಲಾಡ್ಜೋ ಆಗಲಿ. ಅಲ್ಲಿ ಇದ್ದಾಗ ನೋಡಬೇಕಾದ್ದು ಇಷ್ಟು:

- ಬಟ್ಟೆ ಎಲ್ಲಿ ಒಣಗುತ್ತಿದೆ? ಮನೆಯೊಳಗೆ ಹಗ್ಗ ಕಟ್ಟಿದ್ದರೆ, ಅಡುಗೆ ಒಲೆಯ ಮೇಲೆ ತೂಗುಹಾಕಿದ್ದರೆ ಅರ್ಥವಾಯಿತಲ್ಲ.
- ಗೋಡೆಯ ಯಾವ ಮಗ್ಗುಲು ಹಸಿರು ಪಾಚಿ ಕಟ್ಟಿದೆ? ತಾರಸಿಯ ಮೇಲೆ ತಗಡಿನ ಮಾಡು ಎಬ್ಬಿಸಿದ್ದಾರಾ? ಮಳೆ ಜೋರಿರುವ ಊರಲ್ಲಿ ಕಾಂಕ್ರೀಟ್ ಸೋರಿ ಸೋರಿ ಸಾಕಾಗಿ ಕೊನೆಗೆ ಎಲ್ಲರೂ ಇದನ್ನೇ ಮಾಡುವುದು.
- ರಾತ್ರಿ ಎರಡು ಗಂಟೆಗೆ ಎಚ್ಚರ ಮಾಡಿಕೊಂಡು ಫ್ಯಾನ್ ಆರಿಸಿ. ನಿದ್ದೆ ಬರುತ್ತದಾ?
- ಕರೆಂಟು ಎಷ್ಟು ಹೊತ್ತು ಇರುವುದಿಲ್ಲ? ಮಳೆಗಾಲದಲ್ಲಿ ಮರ ಬಿದ್ದು ಲೈನ್ ಹೋದರೆ ಬರಲು ಎಷ್ಟು ದಿನ?

ಇನ್ನು ಜನರ ಹತ್ತಿರ ಮಾತಾಡಿ. ಮನೆ ತೋರಿಸುವ ಬ್ರೋಕರ್ "ಏನಿಲ್ಲ ಸಾರ್, ಸೂಪರ್ ಕ್ಲೈಮೇಟು" ಅಂತಲೇ ಹೇಳುತ್ತಾನೆ. ಇಸ್ತ್ರಿ ಅಂಗಡಿಯವರನ್ನು ಕೇಳಿ, ಮೆಡಿಕಲ್ ಶಾಪಿನವರನ್ನು ಕೇಳಿ, ಹೊರಗಿನಿಂದ ವರ್ಗವಾಗಿ ಬಂದ ಬ್ಯಾಂಕಿನವರನ್ನು, ಮೇಷ್ಟರನ್ನು ಕೇಳಿ. ಹುಟ್ಟೂರಿನವರಿಗೆ ತಮ್ಮ ಹವೆ ಅಭ್ಯಾಸವಾಗಿರುತ್ತದೆ. ವರ್ಗವಾಗಿ ಬಂದವರು ನಿಜ ಹೇಳುತ್ತಾರೆ, ಜುಲೈನಲ್ಲಿ ಕೇಳಿದರೆ ಇನ್ನೂ ನಿಜ ಹೇಳುತ್ತಾರೆ.

6. ಗುಡ್ಡ, ಹೊಳೆ, ನೀರು

ಹಿತವಾದ ಹವೆಯ ಜಾಗಗಳು ಎಷ್ಟೋ ಸಲ ಅಪಾಯದ ಜಾಗಗಳೂ ಹೌದು. 2018ರ ಆಗಸ್ಟ್‌ನಲ್ಲಿ ಕೊಡಗಿನ ಗುಡ್ಡಗಳು ಕುಸಿದವು. 2024ರ ಜುಲೈನಲ್ಲಿ ಅಂಕೋಲಾ ಹತ್ತಿರದ ಶಿರೂರು, ಅದೇ ತಿಂಗಳ ಕೊನೆಯಲ್ಲಿ ವಯನಾಡು. ಜಾಗ ನೋಡುವಾಗ ಮನೆಯ ಮುಂದಿನ ನೋಟಕ್ಕಿಂತ ಹಿಂದಿನ ದರೆಯನ್ನು, ಅಂದರೆ ಕಡಿದಾದ ಮಣ್ಣಿನ ಗೋಡೆಯನ್ನು, ನೋಡಿ. ಗುಡ್ಡವನ್ನು ನೆಟ್ಟಗೆ ಕಡಿದು ಮಾಡಿದ ಸೈಟು, ಮೇಲುಗಡೆ ಹೊಸದಾಗಿ ಅಗೆದ ರಸ್ತೆ, ಮಳೆಗಾಲದಲ್ಲಿ ದರೆಯೊಳಗಿಂದ ಹೊಸದಾಗಿ ಜಿನುಗುವ ಕೆಸರು ನೀರು, ವಾಲಿದ ಮರ, ಇವು ಕಂಡರೆ ಎಷ್ಟೇ ಅಗ್ಗವಾದರೂ ಬೇಡ. ಭೂಕುಸಿತದ ಸಾಧ್ಯತೆ ತೋರಿಸುವ ನಕ್ಷೆಗಳನ್ನು ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಇಲಾಖೆ ಮಾಡಿದೆ, ತೆಗೆದು ನೋಡಿ.

ಬಯಲಿನಲ್ಲಿ ಕೆರೆ ನೋಡಿ. ಬಡಾವಣೆಯ ಹೆಸರಿನಲ್ಲಿ ಕೆರೆ, ಹಳ್ಳ, ಕೋಡಿ ಇದ್ದರೆ ನೀರು ತನ್ನ ಹಳೇ ದಾರಿ ಮರೆತಿರುವುದಿಲ್ಲ. 2022ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರಿನ ಹೊರವರ್ತುಲ ರಸ್ತೆಯ ಕಡೆ ಟ್ರ್ಯಾಕ್ಟರ್ ಹತ್ತಿ ಆಫೀಸಿಗೆ ಹೋದವರನ್ನು ಟೀವಿಯಲ್ಲಿ ನೋಡಿದ್ದೇವಲ್ಲ. ಬೇಸಿಗೆಯ ನೀರನ್ನೂ ವಿಚಾರಿಸಿ: ಬೋರ್ ಎಷ್ಟು ಅಡಿ, ಟ್ಯಾಂಕರ್ ಯಾವ ತಿಂಗಳಿಂದ ಬರುತ್ತದೆ.

7. ಊರಿಗಿಂತ ಮನೆ ದೊಡ್ಡದು

ಒಂದೇ ಬೀದಿಯ ಎರಡು ಮನೆಗಳಲ್ಲಿ ಎರಡು ಹವೆ ಇರಬಹುದು. ತಾರಸಿಯ ಕೆಳಗಿನ ಕೊನೇ ಮಹಡಿ ಹಗಲಿಡೀ ಕಾದು ರಾತ್ರಿ ಹನ್ನೊಂದರವರೆಗೆ ಕಾವನ್ನು ಕೆಳಗೆ ಬಿಡುತ್ತಿರುತ್ತದೆ. ಬೆಂಗಳೂರಿನಲ್ಲಿ ಏಪ್ರಿಲ್ 24ರ ಸುಮಾರಿಗೆ ನಡುಮಧ್ಯಾಹ್ನ ಸೂರ್ಯ ನೆತ್ತಿಯ ಮೇಲೇ ಬರುತ್ತಾನೆ, ನೆಟ್ಟ ಕಂಬಕ್ಕೆ ನೆರಳೇ ಇರುವುದಿಲ್ಲ. ಆ ದಿನಗಳಲ್ಲಿ ಗೋಡೆಗಿಂತ ಹೆಚ್ಚು ಕಾಯುವುದು ತಾರಸಿ. ತಾರಸಿಗೆ ಬಿಳಿ ಸುಣ್ಣ ಹೊಡೆಯುವುದು ಅಗ್ಗದ ಮದ್ದು, ಕೆಲಸವನ್ನೂ ಮಾಡುತ್ತದೆ.

ಮಲಗುವ ಕೋಣೆಯ ಗೋಡೆ ಪಶ್ಚಿಮಕ್ಕಿದ್ದರೆ ಸಂಜೆ ಏಳಕ್ಕೆ ಅಂಗೈ ಇಟ್ಟು ನೋಡಿ. ಬಿಸಿ ಹತ್ತಿದರೆ ಆ ಕೋಣೆಯಲ್ಲಿ ಬೇಸಿಗೆ ಕಳೆಯುವುದು ಕಷ್ಟ. ಎದುರುಬದುರು ಕಿಟಕಿ ಇದೆಯಾ, ಸಜ್ಜಾ ಎಷ್ಟು ಉದ್ದ ಚಾಚಿದೆ, ಪಡುವಣಕ್ಕೆ ಮರವಿದೆಯಾ ನೋಡಿ. ಮಳೆ ಊರಲ್ಲಿ ಹೆಂಚಿನ ಇಳಿಜಾರು ಮಾಡು, ಬಿಸಿಲೂರಲ್ಲಿ ದಪ್ಪ ಗೋಡೆಯ ಮಣ್ಣಿನ ಮಾಳಿಗೆ ಅಂತ ಹಿರಿಯರು ಕಟ್ಟಿದ್ದರು. ಈಗ ಕಲಬುರಗಿಯಲ್ಲೂ ಕುಂದಾಪುರದಲ್ಲೂ ಒಂದೇ ಗಾಜಿನ ಡಬ್ಬಿ ಕಟ್ಟುತ್ತಿದ್ದಾರೆ. ಹಳೇ ಮನೆ ಬಾಡಿಗೆಗೆ ಸಿಕ್ಕಿದರೆ ಬಿಡಬೇಡಿ.

8. ಒಂದು ವರ್ಷ ಬಾಡಿಗೆಗೆ ಇದ್ದು ನೋಡಿ

ಇಷ್ಟೆಲ್ಲ ಮಾಡಿದ ಮೇಲೂ ಸೈಟು ಕೊಳ್ಳಬೇಡಿ. ಹನ್ನೊಂದು ತಿಂಗಳ ಕರಾರು ಮಾಡಿಕೊಂಡು ಹೋಗಿ. ಕರಾರು ಶುರುವಾಗುವ ತಿಂಗಳನ್ನು ನೀವೇ ಆರಿಸಿ: ಮಲೆನಾಡಿಗೆ ಜೂನ್, ಕರಾವಳಿಗೂ ಬಯಲುಸೀಮೆಗೂ ಮಾರ್ಚ್. ಕಷ್ಟ ಮೊದಲೇ ಬಂದರೆ ಮೂರು ತಿಂಗಳಲ್ಲಿ ಉತ್ತರ ಗೊತ್ತಾಗುತ್ತದೆ. ಅಡ್ವಾನ್ಸ್ ಕೊಡುವ ಮುಂಚೆ, ಮಧ್ಯದಲ್ಲಿ ಬಿಟ್ಟರೆ ಎಷ್ಟು ಹಿಡಿದುಕೊಳ್ಳುತ್ತಾರೆ ಅಂತ ಬರೆಸಿಕೊಳ್ಳಿ. ನಾವು ಬರೆಸಿಕೊಂಡಿರಲಿಲ್ಲ, ಎರಡು ತಿಂಗಳ ಬಾಡಿಗೆ ಹೋಯಿತು.

ತೇವಾಂಶವನ್ನೂ ತೋರಿಸುವ ಪುಟ್ಟ ಡಿಜಿಟಲ್ ಥರ್ಮಾಮೀಟರ್ ಒಂದನ್ನು ಮಲಗುವ ಕೋಣೆಯಲ್ಲಿಡಿ. ಬೆಳಗ್ಗೆ ಆರು, ಮಧ್ಯಾಹ್ನ ಮೂರು, ರಾತ್ರಿ ಹತ್ತಕ್ಕೆ ಕ್ಯಾಲೆಂಡರಿನ ಮೇಲೆ ಅಂಕಿ ಬರೆಯಿರಿ. ಪಕ್ಕದಲ್ಲಿ ನಿದ್ದೆ ಹೇಗಾಯಿತು ಅಂತ ಒಂದೇ ಪದ.

ಯಾವ ಊರೂ ಹನ್ನೆರಡು ತಿಂಗಳಿಗೆ ಒಗ್ಗದಿದ್ದರೆ, ಕೈಯಲ್ಲಿ ಅನುಕೂಲ ಇದ್ದರೆ, ಕಾಲಕ್ಕೊಂದು ಊರು ಮಾಡುವುದೂ ತಪ್ಪಲ್ಲ. ಕುರಿಗಾಹಿಗಳು ಮಳೆ, ಮೇವು ನೋಡಿ ಊರಿಂದೂರಿಗೆ ನಡೆದದ್ದು ಇದೇ ಲೆಕ್ಕದಲ್ಲಿ.

ನಾವೀಗ ಹಾಸನದ ಕಡೆ ಇದ್ದೇವೆ, ಎರಡು ವರ್ಷವಾಯಿತು. ಏಪ್ರಿಲ್‌ನಲ್ಲಿ ಫ್ಯಾನ್ ಬೇಕು, ಜುಲೈನಲ್ಲಿ ಬಟ್ಟೆ ಎರಡನೇ ದಿನಕ್ಕೆ ಒಣಗುತ್ತದೆ, ಡಿಸೆಂಬರ್ ಬೆಳಗ್ಗೆ ಅಮ್ಮ ಸ್ವೆಟರ್ ಹಾಕಿಕೊಂಡು ಜಗುಲಿಯ ಬಿಸಿಲಿಗೆ ಕೂರುತ್ತಾರೆ. ಸಕಲೇಶಪುರಕ್ಕೆ ಈಗಲೂ ಹೋಗುತ್ತೇವೆ. ಜನವರಿಯಲ್ಲಿ, ಒಂದು ವಾರಕ್ಕೆ.